12 ವೋಲ್ಟ್ 7 ಎಎಚ್ ಬ್ಯಾಟರಿ ಸತ್ತಿದ್ದು ಯಾಕೆ: ರೌಟರ್ ಬ್ಯಾಕಪ್ ಪೆಟ್ಟಿಗೆ ರಿಪೇರಿ ಮಾಡಿದ 12 ದಿನ

ಒಂದೂವರೆ ವರ್ಷದ ಹಿಂದೆ ರೌಟರ್‌ಗೆ ಅಂತ ಒಂದು ಬ್ಯಾಕಪ್ ಪೆಟ್ಟಿಗೆ ಮಾಡಿಕೊಂಡಿದ್ದೆ. ಒಳಗಿರುವುದು ಒಂದು ಸೀಲ್ಡ್ ಲೆಡ್ ಆಸಿಡ್ ಬ್ಯಾಟರಿ, 12 ವೋಲ್ಟ್ 7 ಎಎಚ್ (ಆಂಪಿಯರನ್ನು ಗಂಟೆಯಿಂದ ಗುಣಿಸಿದ್ದು, ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ). ಅದನ್ನು ಚಾರ್ಜ್ ಮಾಡಲು ಎಲ್‌ಎಂ317 ಅನ್ನುವ, ವೋಲ್ಟ್ ಸ್ಥಿರವಾಗಿಡುವ ಐಸಿ ಹಾಕಿದ ಸಣ್ಣ ಬೋರ್ಡ್, ಅದಕ್ಕೆ 19 ವೋಲ್ಟಿನ ಹಳೇ ಲ್ಯಾಪ್‌ಟಾಪ್ ಅಡಾಪ್ಟರ್. ರೌಟರ್ ಮತ್ತು ಒಂದು ಎಲ್‌ಇಡಿ ದೀಪ ಸೇರಿ 0.62 ಆಂಪಿಯರ್ ಎಳೆಯುತ್ತವೆ. ಹೊಸದರಲ್ಲಿ ಎಂಟು ಗಂಟೆಗಿಂತ ಜಾಸ್ತಿ ಓಡುತ್ತಿತ್ತು. ಮೊನ್ನೆ ಕರೆಂಟ್ ಹೋದಾಗ 40 ನಿಮಿಷಕ್ಕೇ ರೌಟರ್ ಆರಿ ಹೊತ್ತಿ, ಆರಿ ಹೊತ್ತಿ, ಕೊನೆಗೆ ನಿಂತೇ ಹೋಯಿತು.

ಬ್ಯಾಟರಿ ಬದಲಿಸಿದ್ದರೆ ಅರ್ಧ ಗಂಟೆಯ ಕೆಲಸ. ಆದರೆ ಸರಿಯಾಗಿ ನೋಡಿಕೊಂಡರೆ ಮೂರರಿಂದ ಐದು ವರ್ಷ ಬರಬೇಕಾದದ್ದು ಒಂದೂವರೆ ವರ್ಷಕ್ಕೆ ಯಾಕೆ ಹೋಯಿತು ಅನ್ನುವುದು ಗೊತ್ತಾಗದಿದ್ದರೆ ಹೊಸದೂ ಹಾಗೇ ಸಾಯುತ್ತದೆ. ಅದಕ್ಕೇ ಹುಡುಕಲು ಕೂತೆ.

ದಿನ 1: ಮೀಟರ್ ಹೇಳಿದ ಸುಳ್ಳು

ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ವೈರ್ ಎಲ್ಲ ಕಿತ್ತು, ಎರಡು ಗಂಟೆ ಸುಮ್ನೆ ಬಿಟ್ಟೆ. ಆಮೇಲೆ ಅಳೆದರೆ 12.94 ವೋಲ್ಟ್. ಪುಸ್ತಕದ ಲೆಕ್ಕದಲ್ಲಿ ತುಂಬಿದ ಬ್ಯಾಟರಿಯೇ. ಇಷ್ಟನ್ನೇ ನೋಡಿ ಬಹಳ ಜನ "ಬ್ಯಾಟರಿ ಚೆನ್ನಾಗಿದೆ, ತೊಂದರೆ ಬೇರೆ ಎಲ್ಲೋ ಇದೆ" ಅಂದುಕೊಳ್ಳುತ್ತಾರೆ. ನಾನೂ ಹತ್ತು ನಿಮಿಷ ಹಾಗೇ ಅಂದುಕೊಂಡು ರೌಟರ್ ಪಿನ್ ಬಿಚ್ಚಿ ನೋಡಿದೆ.

ಆಮೇಲೆ ಕಾರಿನ ಬ್ರೇಕ್ ಲೈಟಿನ 21 ವ್ಯಾಟ್ ಬಲ್ಬನ್ನು ನೇರವಾಗಿ ಬ್ಯಾಟರಿಗೆ ಕೊಟ್ಟೆ. ಅದು ಸುಮಾರು 1.7 ಆಂಪಿಯರ್ ಎಳೆಯುತ್ತದೆ. ಹೊತ್ತಿದ ಕ್ಷಣಕ್ಕೇ 12.94 ಇದ್ದದ್ದು 11.3ಕ್ಕೆ ಬಿತ್ತು. ಆರನೇ ನಿಮಿಷಕ್ಕೆ 10.5. ಅಲ್ಲಿಗೆ ನಿಲ್ಲಿಸಿದೆ. ಆರು ಸೆಲ್ಲಿನ ಬ್ಯಾಟರಿಗೆ 10.5 ಅಂದರೆ ಒಂದು ಸೆಲ್ಲಿಗೆ 1.75 ವೋಲ್ಟ್, ಅದರ ಕೆಳಗೆ ಇಳಿಸಬಾರದು.

ಲೆಕ್ಕ ಹಾಕಿದರೆ 0.17 ಎಎಚ್ ಕೂಡ ಬರಲಿಲ್ಲ. ಬಲ್ಬ್ ಹಾಕಿದ ತಕ್ಷಣ 1.6 ವೋಲ್ಟ್ ಕುಸಿಯಿತು ಅಂದರೆ ಒಳಗಿನ ರೆಸಿಸ್ಟೆನ್ಸ್ ಹತ್ತಿರ ಹತ್ತಿರ 1 ಓಮ್. ಈ ಗಾತ್ರದ ಹೊಸ ಬ್ಯಾಟರಿಯಲ್ಲಿ ಅದು 0.03 ಓಮ್ ಆಸುಪಾಸು ಇರುತ್ತದೆ. ಹೊರೆ ಇಲ್ಲದೆ ಅಳೆದ ವೋಲ್ಟ್ ಇದನ್ನು ಯಾವತ್ತೂ ತೋರಿಸುವುದಿಲ್ಲ.

ದಿನ 2: ತಪ್ಪು ಆರೋಪಿ

ಚಾರ್ಜರ್ ಔಟ್‌ಪುಟ್ ಅಳೆದೆ, 13.8. ಸರಿಯಾಗಿದೆಯಲ್ಲ ಅಂದುಕೊಳ್ಳುವಾಗ ಮೀಟರ್ ಪರದೆಯ ಮೂಲೆಯಲ್ಲಿ ಬ್ಯಾಟರಿ ಚಿಹ್ನೆ ಕಾಣಿಸಿತು. ಮೀಟರಿನ ಒಳಗಿನ 9 ವೋಲ್ಟ್ ಸೆಲ್ ಇಳಿದಿದ್ದರೆ ಅಗ್ಗದ ಮೀಟರ್‌ಗಳು ಇರುವುದಕ್ಕಿಂತ ಜಾಸ್ತಿ ತೋರಿಸುತ್ತವೆ. ಹೊಸ ಸೆಲ್ ಹಾಕಿ ಅಳೆದರೆ ಅದೇ ಔಟ್‌ಪುಟ್ 13.3.

ಸದಾ ಚಾರ್ಜಿಗೆ ಹಾಕಿಟ್ಟಿರುವ ಇಂಥ ಬ್ಯಾಟರಿಗೆ 25 ಡಿಗ್ರಿಯಲ್ಲಿ 13.5ರಿಂದ 13.8 ವೋಲ್ಟ್ ಬೇಕು. 13.3 ಕಡಿಮೆಯೇ. ಕಳ್ಳ ಸಿಕ್ಕಿದ ಅಂತ ಖುಷಿಯಾಯಿತು. ಪ್ರೀಸೆಟ್ (ತಿರುಗಿಸಿ ಬೆಲೆ ಬದಲಿಸುವ ಸಣ್ಣ ರೆಸಿಸ್ಟರ್) ತಿರುಗಿಸಿ 13.7 ಮಾಡಿ ಇಡೀ ರಾತ್ರಿ ಬಿಟ್ಟೆ. ಬೆಳಿಗ್ಗೆ ಬಲ್ಬ್ ಪರೀಕ್ಷೆ: 7 ನಿಮಿಷ. ಒಂದೇ ನಿಮಿಷದ ಲಾಭ. ಸ್ವಲ್ಪ ಕಡಿಮೆ ಚಾರ್ಜ್ ಆದದ್ದು ನಿಜ, ಅಷ್ಟಕ್ಕೇ ಬ್ಯಾಟರಿ ಹೀಗೆ ಹಾಳಾಗುವುದಿಲ್ಲ.

ದಿನ 3ರಿಂದ 5: ಎಬ್ಬಿಸುವ ಪ್ರಯತ್ನ

ಬೆಂಚ್ ಸಪ್ಲೈ, ಅಂದರೆ ವೋಲ್ಟ್ ಮತ್ತು ಕರೆಂಟ್ ಮಿತಿ ಬೇಕಾದಂತೆ ಹೊಂದಿಸಬಹುದಾದ ಪವರ್ ಸಪ್ಲೈ, ಹೊರಗೆ ತೆಗೆದೆ. 14.4 ವೋಲ್ಟ್, ಮಿತಿ 0.7 ಆಂಪಿಯರ್. ಮೊದಲು ಬ್ಯಾಟರಿ ಎಳೆದದ್ದು ಬರೀ 0.04 ಆಂಪಿಯರ್. ಒಳ್ಳೆಯ ಬ್ಯಾಟರಿಯಲ್ಲಿ ಇದು ಉಲ್ಟಾ ಇರುತ್ತದೆ: ಶುರುವಿನಲ್ಲಿ ಜೋರಾಗಿ ಎಳೆದು, ತುಂಬುತ್ತಾ ಬಂದಂತೆ ಕಡಿಮೆಯಾಗುತ್ತದೆ. ಇಲ್ಲಿ ನಿಧಾನವಾಗಿ ಏರುತ್ತಾ 14 ಗಂಟೆಯ ಹೊತ್ತಿಗೆ 0.1 ಆಯಿತು.

ಇದಕ್ಕೆ ಕಾರಣ ಇಷ್ಟು. ಬ್ಯಾಟರಿ ಖಾಲಿಯಾಗುವಾಗ ಎರಡೂ ಕಡೆಯ ಪ್ಲೇಟಿನ ಮೇಲೆ ಲೆಡ್ ಸಲ್ಫೇಟ್ ಕೂರುತ್ತದೆ, ಆಸಿಡ್ ತೆಳ್ಳಗಾಗುತ್ತಾ ಹೋಗುತ್ತದೆ. ತಡಮಾಡದೆ ಚಾರ್ಜ್ ಮಾಡಿದರೆ ಆ ಸಲ್ಫೇಟ್ ಕರಗಿ ವಾಪಸ್ ಹೋಗುತ್ತದೆ. ವಾರಗಟ್ಟಲೆ ಖಾಲಿಯಾಗಿಯೇ ಬಿಟ್ಟರೆ ಗಟ್ಟಿ ಹರಳಾಗಿ ಪ್ಲೇಟಿಗೆ ಕಚ್ಚಿಕೊಳ್ಳುತ್ತದೆ. ಸಲ್ಫೇಟಿನಲ್ಲಿ ಕರೆಂಟ್ ಹರಿಯುವುದಿಲ್ಲ, ಹಾಗಾಗಿ ಆ ಹರಳನ್ನು ಚಾರ್ಜ್ ಮಾಡುವುದೂ ಕಷ್ಟ.

ಮೂರು ಸಲ ತುಂಬಿಸಿ ಖಾಲಿ ಮಾಡಿದೆ. ಬಲ್ಬ್ ಉರಿದದ್ದು 19 ನಿಮಿಷ, 31 ನಿಮಿಷ, 34 ನಿಮಿಷ. ಮೊದಲ ಎರಡಕ್ಕೆ ಆಸೆ ಹುಟ್ಟಿತು. ಮೂರನೆಯದು ನೋಡಿದ ಮೇಲೆ ಇದು ಇಲ್ಲಿಗೇ ನಿಂತಿತು ಅಂತ ಗೊತ್ತಾಯಿತು. 34 ನಿಮಿಷ ಅಂದರೆ ಒಂದು ಎಎಚ್‌ಗೂ ಕಡಿಮೆ.

ಇಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ.

ದಿನ 6: ನೀರು ಹಾಕಿದ ತಪ್ಪು

ಸೀಲ್ಡ್ ಅಂದರೂ ಒಳಗೆ ಪೂರ್ತಿ ಮುಚ್ಚಿಲ್ಲ. ಮೇಲಿನ ಪ್ಲಾಸ್ಟಿಕ್ ಪಟ್ಟಿಯನ್ನು ತೆಳು ಸ್ಕ್ರೂಡ್ರೈವರ್‌ನಿಂದ ಮೀಟಿದರೆ ಆರು ರಬ್ಬರ್ ಟೊಪ್ಪಿಗಳು ಕಾಣುತ್ತವೆ. ಅವೇ ವಾಲ್ವ್. ಚಾರ್ಜ್ ಆಗುವಾಗ ಹುಟ್ಟುವ ಆಕ್ಸಿಜನ್ ಗಾಜಿನ ನಾರಿನ ಹಾಸಿನ ಮೂಲಕ ಇನ್ನೊಂದು ಪ್ಲೇಟಿಗೆ ಹೋಗಿ ಮತ್ತೆ ನೀರಾಗುತ್ತದೆ. ಅದಕ್ಕೇ ಇದಕ್ಕೆ ನೀರು ಹಾಕುವ ಕೆಲಸ ಇರುವುದಿಲ್ಲ. ಒತ್ತಡ ಮಿತಿ ಮೀರಿದರೆ ಮಾತ್ರ ವಾಲ್ವ್ ತೆರೆದು ಗಾಳಿ ಹೊರಗೆ ಬಿಡುತ್ತದೆ, ಹಾಗೆ ಹೋದದ್ದು ವಾಪಸ್ ಬರುವುದಿಲ್ಲ.

ಕನ್ನಡಕ, ರಬ್ಬರ್ ಕೈಗವಸು ಹಾಕಿಕೊಂಡೆ. ಪಕ್ಕದಲ್ಲಿ ಅಡಿಗೆ ಸೋಡಾ ಕಲಸಿದ ನೀರು ಇಟ್ಟುಕೊಂಡೆ, ಆಸಿಡ್ ಚೆಲ್ಲಿದರೆ ಮೇಲೆ ಹಾಕಲು. ಕಿಟಕಿ ತೆರೆದಿಟ್ಟೆ, ಯಾಕೆಂದರೆ ಟೊಪ್ಪಿ ತೆಗೆದು ಚಾರ್ಜ್ ಮಾಡಿದರೆ ಹೈಡ್ರೋಜನ್ ಬರುತ್ತದೆ, ಒಂದು ಕಿಡಿ ಸಾಕು. ಟಾರ್ಚ್ ಬಿಟ್ಟು ನೋಡಿದರೆ ಎರಡು ಸೆಲ್ಲಿನ ಹಾಸು ಉಳಿದವುಗಳಿಗಿಂತ ಒಣಗಿದ ಹಾಗೆ ಕಂಡಿತು. ಒಣಗಿದ್ದೇ ರೋಗ ಅಂತ ತೀರ್ಮಾನಿಸಿ, ಸಿರಿಂಜ್‌ನಲ್ಲಿ ಆರೂ ಸೆಲ್ಲಿಗೆ 8 ಮಿಲಿಲೀಟರ್ ಡಿಸ್ಟಿಲ್ಡ್ ವಾಟರ್ ಹಾಕಿದೆ.

ಇಲ್ಲಿ ಮಾಡಿದ ತಪ್ಪು ಎರಡು. ಒಂದು, ಒದ್ದೆ ಇದ್ದ ನಾಲ್ಕು ಸೆಲ್ಲಿಗೂ ಹಾಕಿದ್ದು. ಹಾಸು ತೇವವಾಗಿರಬೇಕೇ ಹೊರತು ಮೇಲೆ ನೀರು ನಿಲ್ಲಬಾರದು. ನಿಂತರೆ ಆಕ್ಸಿಜನ್ ದಾಟಲು ದಾರಿಯೇ ಇರುವುದಿಲ್ಲ. ಚಾರ್ಜಿಗೆ ಹಾಕಿದ ಒಂದು ಗಂಟೆಗೆ ಆ ಸೆಲ್‌ಗಳು ಗುಳ್ಳೆ ಎಬ್ಬಿಸಿ ಆಸಿಡ್ ಉಗುಳಿದವು. ಎರಡು, ಚಾರ್ಜಿಗೆ ಹಾಕಿ ಪಕ್ಕದ ಕೋಣೆಗೆ ಹೋದದ್ದು. ವಾಪಸ್ ಬಂದು ಮುಟ್ಟಿದರೆ ಡಬ್ಬಿಯ ಒಂದು ಬದಿ ಬಿಸಿ. ಐದು ಸೆಲ್ ಗುಳ್ಳೆ ಬಿಡುತ್ತಿದ್ದವು, ತುದಿಯಿಂದ ಎರಡನೆಯದರಲ್ಲಿ ಒಂದೂ ಗುಳ್ಳೆ ಇಲ್ಲ. ತಕ್ಷಣ ವೈರ್ ಕಿತ್ತೆ.

ಬೆಳಿಗ್ಗೆ ಅಳೆದರೆ 10.6 ವೋಲ್ಟ್. ಆರು ಸೆಲ್ಲಿನ 12.8ರಲ್ಲಿ ಒಂದು ಸೆಲ್ಲಿನ 2.1 ಕಳೆದರೆ ಬರುವ ಲೆಕ್ಕ ಹೆಚ್ಚುಕಡಿಮೆ ಅದೇ. ಆ ಸೆಲ್ ಒಳಗೇ ಶಾರ್ಟ್ ಆಗಿದೆ. ಬ್ಯಾಟರಿ ಪೂರ್ತಿ ಖಾಲಿಯಾದಾಗ ಆಸಿಡ್ ಹೆಚ್ಚುಕಡಿಮೆ ನೀರೇ ಆಗಿಬಿಡುತ್ತದೆ. ಲೆಡ್ ಸಲ್ಫೇಟ್ ಆಸಿಡ್‌ಗಿಂತ ಇಂಥ ತೆಳು ನೀರಿನಲ್ಲಿ ಜಾಸ್ತಿ ಕರಗುತ್ತದೆ. ಆಮೇಲೆ ಚಾರ್ಜ್ ಮಾಡಿದಾಗ ಕರಗಿದ ಸೀಸ ಗಾಜಿನ ಹಾಸಿನ ಒಳಗೇ ಸಣ್ಣ ಎಳೆಯಾಗಿ ಬೆಳೆದು ಎರಡೂ ಪ್ಲೇಟನ್ನು ಸೇರಿಸಿಬಿಡುತ್ತದೆ. ಐದು ಸೆಲ್ಲಿನ ಮೇಲೆ 14.4 ವೋಲ್ಟ್ ಹಾಗೇ ಬಿಟ್ಟಿದ್ದರೆ ಒಂದೊಂದಕ್ಕೂ 2.9ರ ಹತ್ತಿರ ಬೀಳುತ್ತಿತ್ತು. ಡಬ್ಬಿ ಉಬ್ಬಿ ಒಡೆಯುವ ಸಾಧ್ಯತೆ ಇತ್ತು. ನಾನು ಕೋಣೆಯಲ್ಲಿ ಇರದೆ ಹೋದದ್ದು ಈ ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಬೇಸರ ತಂದ ತಪ್ಪು. ಯಾರಾದರೂ ಇದನ್ನು ಮಾಡುವುದಿದ್ದರೆ ಪಕ್ಕದಲ್ಲೇ ಕೂತು ಮಾಡಿ. ಅದಕ್ಕಿಂತ, ಮಾಡದೇ ಇರುವುದು ಒಳ್ಳೆಯದು.

ದಿನ 8: ಆರದ ಕೆಂಪು ದೀಪ

ಬ್ಯಾಟರಿ ಅಂತೂ ಹೋಯಿತು. ಪ್ರಶ್ನೆ ಉಳಿಯಿತು. ಖಾಲಿಯಾಗಿ ಬಹಳ ದಿನ ಬಿದ್ದಿದ್ದ ಬ್ಯಾಟರಿಯ ಲಕ್ಷಣ ಎಲ್ಲ ಇದರಲ್ಲಿವೆ, ಆದರೆ ನನ್ನ ಪೆಟ್ಟಿಗೆ ಸದಾ ಚಾರ್ಜಿನಲ್ಲೇ ಇತ್ತಲ್ಲ?

ಸದಾ ಇರಲಿಲ್ಲ. ವರ್ಷದ ಹಿಂದೆ ಸುಮಾರು 70 ದಿನ ಪೆಟ್ಟಿಗೆ ಬಳಸಿರಲಿಲ್ಲ. ರೌಟರ್ ಕಡೆಯ ಸ್ವಿಚ್ ಆಫ್ ಮಾಡಿ, ಅಡಾಪ್ಟರ್ ಕಿತ್ತು, ಕಪಾಟಿನಲ್ಲಿ ಇಟ್ಟಿದ್ದೆ. ಈ ಬ್ಯಾಟರಿಗಳು ತಾವಾಗಿಯೇ ಇಳಿಯುವುದು ತಿಂಗಳಿಗೆ ಸುಮಾರು 3 ಪರ್ಸೆಂಟ್ ಮಾತ್ರ. 70 ದಿನ ಏನೂ ಅಲ್ಲ. ಹಾಗಂತಲೇ ಇಟ್ಟಿದ್ದೆ.

ಈಗ ಬೆಂಚ್ ಸಪ್ಲೈಯನ್ನು 12.6 ವೋಲ್ಟಿಗೆ ಇಟ್ಟು, ಬ್ಯಾಟರಿ ಜಾಗದಲ್ಲಿ ಜೋಡಿಸಿದೆ. ಅಡಾಪ್ಟರ್ ಇಲ್ಲ. ಆದರೂ ಚಾರ್ಜರ್ ಬೋರ್ಡಿನ ಕೆಂಪು ಎಲ್‌ಇಡಿ ಉರಿಯುತ್ತಿದೆ!

ನೆನಪಾಯಿತು. ಅವತ್ತು ಕಪಾಟಿನಲ್ಲಿ ಇಡುವಾಗಲೂ ಅದು ಉರಿಯುತ್ತಿತ್ತು. ಬ್ಯಾಟರಿ ಚೆನ್ನಾಗಿದೆ ಅಂತ ತೋರಿಸುತ್ತಿದೆ ಅಂದುಕೊಂಡು ಬಾಗಿಲು ಹಾಕಿದ್ದೆ.

ಆ ಎಲ್‌ಇಡಿ ಇರುವುದು ಅಡಾಪ್ಟರ್ ಕಡೆ, 2.2 ಕಿಲೋ ಓಮ್ ರೆಸಿಸ್ಟರ್ ಜೊತೆ. ಎಲ್‌ಎಂ317ರ ರಕ್ಷಣೆಗೆ ಅಂತ ಔಟ್‌ಪುಟ್‌ನಿಂದ ಇನ್‌ಪುಟ್‌ಗೆ ಒಂದು 1ಎನ್4007 ಡಯೋಡ್ (ಕರೆಂಟನ್ನು ಒಂದೇ ಕಡೆಗೆ ಬಿಡುವ ಬಿಡಿಭಾಗ) ಹಾಕಿದ್ದೆ. ಅಡಾಪ್ಟರ್ ಕಿತ್ತಾಗ ಬ್ಯಾಟರಿ ಅದೇ ಡಯೋಡ್ ಮೂಲಕ ಹಿಂದಕ್ಕೆ ಹರಿದು ಎಲ್‌ಇಡಿ ಉರಿಸುತ್ತದೆ. ಇದು ಸಾಲದು ಅಂತ, ವೋಲ್ಟ್ ನಿಗದಿ ಮಾಡುವ ಎರಡು ರೆಸಿಸ್ಟರ್‌ಗಳೂ ಬ್ಯಾಟರಿಗೆ ಅಡ್ಡಲಾಗಿಯೇ ಕೂತಿವೆ. ಎರಡೂ ಸೇರಿ ಮೀಟರ್ ತೋರಿಸಿದ್ದು 9.4 ಮಿಲಿ ಆಂಪಿಯರ್.

ಕೇಳಲು ಏನೂ ಅಲ್ಲ ಅನಿಸುತ್ತದೆ, ಅಲ್ವಾ? ಗುಣಿಸಿ ನೋಡಿ. ದಿನಕ್ಕೆ 0.226 ಎಎಚ್. 7 ಎಎಚ್ ಖಾಲಿಯಾಗಲು 31 ದಿನ. ಕಪಾಟಿನಲ್ಲಿ ಇದ್ದದ್ದು 70 ದಿನ. ಮೊದಲ ತಿಂಗಳಲ್ಲಿ ಖಾಲಿಯಾಗಿ, ಉಳಿದ ದಿನವೆಲ್ಲ ಬ್ಯಾಟರಿ ತೆಳು ಆಸಿಡ್ಡಿನಲ್ಲಿ ಕೂತು ಗಟ್ಟಿಯಾಗಿದೆ. ವಾಪಸ್ ತೆಗೆದು ಅಡಾಪ್ಟರ್ ಹಾಕಿದಾಗ ಕೆಂಪು ದೀಪ ಹೊತ್ತಿತು, ರೌಟರ್ ಓಡಿತು, ಎಲ್ಲ ಸರಿ ಇದೆ ಅಂದುಕೊಂಡೆ. ಆಮೇಲೆ ಕರೆಂಟ್ ಹೋದದ್ದೆಲ್ಲ ಐದು ಹತ್ತು ನಿಮಿಷದ ಲೆಕ್ಕ. ಹಾಗಾಗಿ ವರ್ಷ ಪೂರ್ತಿ ಗೊತ್ತಾಗಲೇ ಇಲ್ಲ.

ದಿನ 9 ಮತ್ತು 10: ಚಾರ್ಜರ್ ಹೊಸದಾಗಿ

ಸೇರಿಸಿದ್ದು ಇಷ್ಟು:

– ಎಲ್‌ಎಂ317ರ ಔಟ್‌ಪುಟ್ ಮತ್ತು ಬ್ಯಾಟರಿಯ ಮಧ್ಯೆ 1ಎನ್5822 ಶಾಟ್ಕಿ ಡಯೋಡ್. ಬ್ಯಾಟರಿಯಿಂದ ಹಿಂದಕ್ಕೆ ಹರಿಯುವ ದಾರಿ ಇದರಿಂದ ಮುಚ್ಚುತ್ತದೆ.
– ನೆಗೆಟಿವ್ ವೈರಿನಲ್ಲಿ 1 ಓಮ್ ರೆಸಿಸ್ಟರ್, ಅದರ ಮೇಲೆ ಒಂದು ಬಿ.ಸಿ.547 ಟ್ರಾನ್ಸಿಸ್ಟರ್. 0.6 ವೋಲ್ಟ್ ಬಿದ್ದ ಕೂಡಲೇ ಟ್ರಾನ್ಸಿಸ್ಟರ್ ಆನ್ ಆಗಿ ಔಟ್‌ಪುಟ್ ತಗ್ಗಿಸುತ್ತದೆ. ಅಂದರೆ ಮಿತಿ 0.6 ಆಂಪಿಯರ್.
– ವೋಲ್ಟ್ ನಿಗದಿ ಮಾಡಲು 240 ಓಮ್, 2.2 ಕಿಲೋ ಓಮ್, ಜೊತೆಗೆ 500 ಓಮಿನ ಹಲವು ಸುತ್ತಿನ ಪ್ರೀಸೆಟ್.
– ಬ್ಯಾಟರಿ ಪಾಸಿಟಿವ್‌ನಿಂದ 10 ಸೆಂಟಿಮೀಟರ್ ಒಳಗೆ 3 ಆಂಪಿಯರ್ ಫ್ಯೂಸ್. ಮೊದಲು ಇದು ಇರಲಿಲ್ಲ, ಇರಲೇಬೇಕಿತ್ತು. ಇಷ್ಟು ಸಣ್ಣ ಬ್ಯಾಟರಿಯೂ ಶಾರ್ಟ್ ಆದರೆ ನೂರು ಆಂಪಿಯರ್ ಕೊಡಬಲ್ಲದು, ವೈರ್ ಕೆಂಪಗೆ ಕಾಯುತ್ತದೆ.

ಮೊದಲ ದಿನವೇ ತೊಂದರೆ. ಅರ್ಧ ಖಾಲಿ ಇದ್ದ ಬೇರೊಂದು ಬ್ಯಾಟರಿ ಹಾಕಿ, ರೌಟರ್ ಆನ್ ಮಾಡಿ ಬಿಟ್ಟೆ. ಆರು ಗಂಟೆ ಆದರೂ ವೋಲ್ಟ್ ಒಂದಿಷ್ಟೂ ಏರಲಿಲ್ಲ. ಚಾರ್ಜರ್ ಕೊಡುವುದೇ 0.6, ರೌಟರ್ ಮತ್ತು ದೀಪ ತಿನ್ನುವುದು 0.62. ಬ್ಯಾಟರಿಗೆ ಉಳಿಯುವುದೇನು? ಇನ್ನೊಂದು 1 ಓಮ್ ಪಕ್ಕದಲ್ಲಿ ಜೋಡಿಸಿ ಅರ್ಧ ಓಮ್ ಮಾಡಿದೆ. ಈಗ ಮಿತಿ 1.2 ಆಂಪಿಯರ್. ರೌಟರ್ ಆಫ್ ಇದ್ದು ಪೂರ್ತಿ 1.2 ಬ್ಯಾಟರಿಗೇ ಹೋದರೂ ಚಿಂತೆ ಇಲ್ಲ, 7 ಎಎಚ್ ಬ್ಯಾಟರಿಯ ಮೈಮೇಲೆ ಬರೆದಿರುವ ಮಿತಿ 2.1.

ಎರಡನೇ ತೊಂದರೆ ವೋಲ್ಟಿನದು. ಬ್ಯಾಟರಿ ಇಲ್ಲದೆ 13.65ಕ್ಕೆ ಹೊಂದಿಸಿದ್ದೆ. ಬ್ಯಾಟರಿ, ರೌಟರ್ ಎರಡೂ ಹಾಕಿದ ಮೇಲೆ ನೋಡಿದರೆ 13.0! ಡಯೋಡ್‌ನಲ್ಲಿ 0.35, ಅರ್ಧ ಓಮ್ ರೆಸಿಸ್ಟರ್‌ನಲ್ಲಿ 0.31 ಕಳೆದುಹೋಗುತ್ತಿತ್ತು. ಪ್ರೀಸೆಟ್‌ನ ಕೆಳತುದಿಯನ್ನು ಅಡಾಪ್ಟರ್ ನೆಗೆಟಿವ್‌ನಿಂದ ಬಿಡಿಸಿ ಬ್ಯಾಟರಿ ನೆಗೆಟಿವ್‌ಗೆ ಬೆಸುಗೆ ಹಾಕಿದೆ. ರೆಸಿಸ್ಟರಿನ ಪಾಲು ಹೋಯಿತು. ಡಯೋಡಿನದು ಹೋಗುವುದಿಲ್ಲ, ಅದು ಹರಿವಿಗೆ ತಕ್ಕಂತೆ ಬದಲಾಗುತ್ತದೆ. ಅದಕ್ಕೆ ತುಂಬಿದ ಬ್ಯಾಟರಿ ಹಾಕಿ, ರೌಟರ್ ಓಡುವಾಗಲೇ ಪ್ರೀಸೆಟ್ ತಿರುಗಿಸಿ ಹೊಂದಿಸಿದೆ. ರೌಟರ್ ಆಫ್ ಮಾಡಿದರೆ 0.15 ವೋಲ್ಟ್ ಮೇಲೆ ಹೋಗುತ್ತದೆ. ಅಷ್ಟು ನಡೆಯುತ್ತದೆ.

ದಿನ 11: ಬಿಸಿ, ಮತ್ತು ಟಕ್ ಟಕ್ ಅನ್ನುವ ರಿಲೇ

ಮುಚ್ಚಳ ಹಾಕಿ ನಾಲ್ಕು ಗಂಟೆ ಓಡಿಸಿ, ಬ್ಯಾಟರಿ ಮೈಗೆ ಥರ್ಮಾಮೀಟರ್ ತಾಗಿಸಿ ನೋಡಿದೆ. ಕೋಣೆ 28 ಡಿಗ್ರಿ, ಬ್ಯಾಟರಿ 41. ಎಲ್‌ಎಂ317ರಲ್ಲಿ ಸುಮಾರು 3 ವ್ಯಾಟ್ ಸದಾ ಶಾಖವಾಗಿ ಹೋಗುತ್ತದೆ, ನಾನು ಅದರ ಹೀಟ್‌ಸಿಂಕನ್ನು ಬ್ಯಾಟರಿ ಪಕ್ಕಕ್ಕೇ ಇಟ್ಟಿದ್ದೆ. ಈ ಜಾತಿಯ ಬ್ಯಾಟರಿಗೆ ಪ್ರತಿ 10 ಡಿಗ್ರಿ ಏರಿದಾಗ ಆಯಸ್ಸು ಸುಮಾರು ಅರ್ಧ ಆಗುತ್ತದೆ. ಹಳೇ ಬ್ಯಾಟರಿ ಒಂದೂವರೆ ವರ್ಷ ಈ ಬಿಸಿಯಲ್ಲೇ ಇತ್ತು. ಆ ಎರಡು ಸೆಲ್ ಒಣಗಿದ್ದಕ್ಕೆ ಇದೇ ಕಾರಣ ಇರಬೇಕು ಅಂತ ನನ್ನ ಊಹೆ.

ಹೀಟ್‌ಸಿಂಕ್ ಪೆಟ್ಟಿಗೆಯ ಹೊರಗೆ ಹೋಯಿತು, ಮಧ್ಯೆ ಕರೆಂಟ್ ತಡೆಯುವ ಮೈಕಾ ಹಾಳೆ. ಯಾಕೆಂದರೆ ಆ ಐಸಿಯ ಬೆನ್ನಿನ ಲೋಹ ಔಟ್‌ಪುಟ್‌ಗೆ ಸೇರಿರುತ್ತದೆ. ಪೆಟ್ಟಿಗೆಯ ಎರಡು ಬದಿಗೆ ತೂತು ಕೊರೆದೆ. ಬಿಸಿ ಇಳಿಯಲು ಮಾತ್ರವಲ್ಲ, ಗಾಳಿ ಆಡದ ಡಬ್ಬಿಯಲ್ಲಿ ಈ ಬ್ಯಾಟರಿ ಚಾರ್ಜ್ ಮಾಡಲೇಬಾರದು. ಈಗ ಬ್ಯಾಟರಿ 31 ಡಿಗ್ರಿ. 25ಕ್ಕಿಂತ ಮೇಲಿನ ಪ್ರತಿ ಡಿಗ್ರಿಗೆ 0.02 ವೋಲ್ಟ್ ಕಳೆಯಬೇಕು ಅನ್ನುವ ಲೆಕ್ಕದಲ್ಲಿ 13.65ರ ಬದಲು 13.55ಕ್ಕೆ ನಿಲ್ಲಿಸಿದೆ.

ಪೂರ್ತಿ ಖಾಲಿಯಾಗದ ಹಾಗೆ ಕಡಿತಗೊಳಿಸುವ ರೆಡಿಮೇಡ್ ರಿಲೇ ಬೋರ್ಡನ್ನೂ ಹಾಕಿದೆ. 11.4ಕ್ಕೆ ಆಫ್, 11.8ಕ್ಕೆ ಆನ್ ಅಂತ ಇಟ್ಟಿದ್ದೆ. ಹೊರೆ ಕಿತ್ತ ಕೂಡಲೇ ಬ್ಯಾಟರಿ ವೋಲ್ಟ್ ತಾನಾಗಿ 12ರ ಮೇಲೆ ಹಾರುತ್ತದೆ, ರಿಲೇ ಮತ್ತೆ ಆನ್, ಮತ್ತೆ ಆಫ್. ಆನ್ ಆಗುವ ಮಟ್ಟವನ್ನು 13.0 ಮಾಡಿದ ಮೇಲೆ ನಿಂತಿತು. ಚಾರ್ಜರ್ ಬಂದಾಗ ಮಾತ್ರ ಅಷ್ಟು ಏರುತ್ತದೆ.

ಆಮೇಲೆ ಆ ಬೋರ್ಡ್ ತಾನೇ ಎಷ್ಟು ತಿನ್ನುತ್ತದೆ ಅಂತ ಅಳೆದೆ. ರಿಲೇ ಆಫ್ ಆದ ಮೇಲೂ 18 ಮಿಲಿ ಆಂಪಿಯರ್. ಹಳೇ ಎಲ್‌ಇಡಿಯ ಕಥೆಗಿಂತ ಎರಡು ಪಟ್ಟು. ಹಾಗಾಗಿ ಫ್ಯೂಸ್ ಪಕ್ಕದಲ್ಲಿ ಒಂದು ಟಾಗಲ್ ಸ್ವಿಚ್ ಹಾಕಿದೆ. ಪೆಟ್ಟಿಗೆ ಕಪಾಟಿಗೆ ಹೋಗುವುದಾದರೆ ಅದನ್ನು ಆಫ್ ಮಾಡಲೇಬೇಕು. ಮರೆಯದಿರಲು ಮುಚ್ಚಳದ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ.

ದಿನ 12: ಹೊಸ ಬ್ಯಾಟರಿ

ಬಂದಾಗ 12.71 ವೋಲ್ಟ್ ಇತ್ತು. ರಾತ್ರಿ 14.4ರಲ್ಲಿ ತುಂಬಿಸಿ, ಎರಡು ಗಂಟೆ ಬಿಟ್ಟು, ಬಲ್ಬ್ ಹಾಕಿದೆ. 10.5ಕ್ಕೆ ಬರಲು 2 ಗಂಟೆ 58 ನಿಮಿಷ ಬೇಕಾಯಿತು. ಲೆಕ್ಕಕ್ಕೆ ಸುಮಾರು 5 ಎಎಚ್. ಬ್ಯಾಟರಿ ಮೋಸದ್ದಲ್ಲ. ಮೈಮೇಲಿರುವ 7 ಎಎಚ್ ಅನ್ನುವುದು 20 ಗಂಟೆಯ ಲೆಕ್ಕ, ಅಂದರೆ 0.35 ಆಂಪಿಯರ್ ಮಾತ್ರ ಎಳೆದರೆ ಸಿಗುವುದು. ಜೋರಾಗಿ ಎಳೆದಷ್ಟೂ ಕಡಿಮೆ ಸಿಗುತ್ತದೆ. ಬ್ಯಾಕಪ್ ಎಷ್ಟು ಹೊತ್ತು ಬರುತ್ತದೆ ಅಂತ 7ನ್ನು ಭಾಗಿಸಿ ಲೆಕ್ಕ ಹಾಕುವವರು ಇದನ್ನು ಮರೆಯುತ್ತಾರೆ.

ಮತ್ತೆ ತುಂಬಿಸಿ, ರೌಟರ್ ಮತ್ತು ದೀಪ ಹಾಕಿ ರಿಲೇ ಕಡಿತಗೊಳಿಸುವ ತನಕ ಓಡಿಸಿದೆ: 8 ಗಂಟೆ 5 ನಿಮಿಷ. ಈ ಎರಡು ಅಂಕಿಗಳನ್ನೂ ತಾರೀಕನ್ನೂ ಬ್ಯಾಟರಿ ಮೇಲೆ ಮಾರ್ಕರ್‌ನಲ್ಲಿ ಬರೆದೆ. ಆರು ತಿಂಗಳಿಗೊಮ್ಮೆ ಬಲ್ಬ್ ಪರೀಕ್ಷೆ, ಅದಕ್ಕಿಂತ ಜಾಸ್ತಿ ಮಾಡುವುದಿಲ್ಲ. ಪೂರ್ತಿ ಇಳಿಸಿ ಏರಿಸಿದರೆ ಇದು ಬಾಳುವುದೇ ಇನ್ನೂರು ಚಿಲ್ಲರೆ ಸಲ, ಪರೀಕ್ಷೆಯೂ ಅದೇ ಲೆಕ್ಕದಲ್ಲಿ ಬರುತ್ತದೆ.

ಹಳೆಯದರ ಟೊಪ್ಪಿ ಮುಚ್ಚಿ, ಸೋಡಾ ನೀರಲ್ಲಿ ಒರೆಸಿ, ಎರಡೂ ಪಿನ್‌ಗೆ ಟೇಪ್ ಸುತ್ತಿ, ಹಳೇ ಬ್ಯಾಟರಿ ತೆಗೆದುಕೊಳ್ಳುವವರಿಗೆ ಕೊಟ್ಟೆ. ಅದರ ಸೀಸ ಕರಗಿ ಮತ್ತೆ ಬಳಕೆಗೆ ಬರುತ್ತದೆ. ಕಸದ ಬುಟ್ಟಿಗೆ ಹಾಕುವ ವಸ್ತು ಅದಲ್ಲ.

ಕೊನೆಗೆ, ಟಾಗಲ್ ಸ್ವಿಚ್ ಆನ್ ಇಟ್ಟೇ ರಿಲೇ ಬೋರ್ಡನ್ನು ಬಿಡಿಸಿ, ಬ್ಯಾಟರಿ ವೈರಿಗೆ ಮೀಟರ್ ಸೇರಿಸಿ, ಅಡಾಪ್ಟರ್ ಕಿತ್ತೆ. 0.03 ಮಿಲಿ ಆಂಪಿಯರ್. ಕೆಂಪು ಎಲ್‌ಇಡಿ ಆರಿತು.